ನೆಲ ನೋಡುವ ಕಣ್ಣು: ಹಳೆಯ ಗಾಲ್ಫ್ ಮೈದಾನಗಳ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಉದಕಮಂಡಲದ ವೆನ್‌ಲಾಕ್ ಡೌನ್ಸ್ ಹುಲ್ಲುಗಾವಲಿನ ಮೇಲಿರುವ ಹಳೆಯ ಗಾಲ್ಫ್ ಮೈದಾನದ ಪ್ರಸ್ತಾಪ ಬಂದಾಗ, ಅದನ್ನು ಬರಿಯ ಆಟದ ಬಯಲೆಂದು ನೋಡದೆ ಒಂದು ವಾಸ್ತುಕೃತಿಯೆಂದೂ ನೋಡಬೇಕೆಂದು ಬರೆದಿದ್ದೆ. ಆ ಒಂದು ವಾಕ್ಯ ಇಷ್ಟು ಪತ್ರಗಳನ್ನು ತರುತ್ತದೆಂದು ಎಣಿಸಿರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದವರಲ್ಲ, ನಾನೂ ಆಟಗಾರನಲ್ಲ. ಬದಿಯಡ್ಕದ ಕಡೆಯವನಾದ ನಾನು ನೀಲಗಿರಿಯಲ್ಲಿ ಭೂಮಾಪನದ ಕೆಲಸದಲ್ಲಿದ್ದಾಗ, ಮಳೆನೀರಿನ ಕಾಲುವೆಯೊಂದರ ಮಟ್ಟ ತೆಗೆಯಲೆಂದು ಅಲ್ಲಿನ ಒಂದು ಗಾಲ್ಫ್ ಮೈದಾನದಲ್ಲಿ ಮೂರು ವಾರ ಅಲೆದದ್ದೇ ಈ ಹುಚ್ಚಿಗೆ ಮೂಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೊಮ್ಮಕ್ಕಳೊಂದಿಗೆ ಊಟಿಗೆ ಹೋಗಿದ್ದಾಗ ತಾವು ಹೇಳಿದ ಮೈದಾನವನ್ನು ಬೇಲಿಯಾಚೆಯಿಂದ ನೋಡಿದೆ. ಹುಲ್ಲು, ಗುಡ್ಡೆ, ಅಲ್ಲೊಂದು ಇಲ್ಲೊಂದು ಬಾವುಟ. ಗೋಡೆಯಿಲ್ಲ, ಮಾಡಿಲ್ಲ, ಕಂಬವಿಲ್ಲ. ಇದರಲ್ಲಿ ವಾಸ್ತುಶಿಲ್ಪ ಎಲ್ಲಿದೆ?
– ನಿವೃತ್ತ ಮುಖ್ಯೋಪಾಧ್ಯಾಯರು, ಕುಂಬಳೆ

ಉತ್ತರ: ಮಾಸ್ತರರೇ, ತಮ್ಮ ಕಡೆಯ ಹಳೆಯ ಅಡಿಕೆ ತೋಟವೊಂದನ್ನು ನೆನೆದುಕೊಳ್ಳಿ. ಗುಡ್ಡೆಯ ಮಗ್ಗುಲಿನಲ್ಲಿ ಸುರಂಗ, ಸುರಂಗದ ಬಾಯಿಯಲ್ಲಿ ಕೆರೆ, ಕೆರೆಯಿಂದ ಇಳಿಜಾರು ಹಿಡಿದು ಬರುವ ಕಣಿಗಳು, ಕೊನೆಗೆ ತೋಡು. ಅಲ್ಲಿಯೂ ಗೋಡೆಯಿಲ್ಲ, ಮಾಡಿಲ್ಲ. ಆದರೆ ಒಂದು ಕಣಿಯನ್ನು ಮನಬಂದ ಕಡೆ ತೆಗೆದರೆ ಮರುವರ್ಷ ಅರ್ಧ ತೋಟ ಹಳದಿಗಟ್ಟುತ್ತದೆ. ತೋಟ ಮಾಡಿದ ಹಿರಿಯರು ಮೊದಲು ನೀರು ಎಲ್ಲಿಗೆ ಹೋಗಬಯಸುತ್ತದೆಂದು ನೋಡಿ, ಆಮೇಲೆ ಗುದ್ದಲಿ ಎತ್ತಿದವರು. ಗಾಲ್ಫ್ ಮೈದಾನದಲ್ಲಿ ನೀರಿನ ಜಾಗದಲ್ಲಿ ಚೆಂಡಿದೆ ಎಂದುಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಮೊದಲು ನಾಲ್ಕು ಶಬ್ದಗಳನ್ನು ತಿಳಿದಿರೋಣ. ಚೆಂಡನ್ನು ಮೊದಲು ಹೊಡೆಯುವ ಸಮತಟ್ಟು ಜಾಗ ಟೀ. ಅಲ್ಲಿಂದ ಮುಂದಕ್ಕೆ ಕತ್ತರಿಸಿದ ಹುಲ್ಲಿನ ಹಾದಿ ಫೇರ್‌ವೇ. ಅದರ ಆಚೀಚೆ ಬೆಳೆಯಲು ಬಿಟ್ಟ ಹುಲ್ಲು ರಫ್. ಕೊನೆಯಲ್ಲಿ ಗೇರುಬೀಜದ ಎಣ್ಣೆ ಸವರಿದ ಹಲಗೆಯಂತೆ ನುಣುಪಾದ ಗ್ರೀನ್, ಅದರಲ್ಲಿ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್ ಅಗಲದ ಕುಳಿ. ಟೀಯಿಂದ ಕುಳಿಯವರೆಗಿನ ಇಡೀ ಹಾದಿಗೆ ಹೋಲ್ ಎನ್ನುತ್ತಾರೆ. ನಡುನಡುವೆ ಇರುವ ಮರಳಿನ ಗುಂಡಿಗಳು ಬಂಕರುಗಳು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಕೋರ್ಸ್ ಈ ಕಲೆಯ ತವರು. ಚೋದ್ಯವೆಂದರೆ, ಅದನ್ನು ಇಂಥವನೇ ರಚಿಸಿದನೆಂದು ಹೇಳುವಂತಿಲ್ಲ. ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವೆ ಉಳಿದ, ಬೇಸಾಯಕ್ಕೆ ಒದಗದ ಹೊಯಿಗೆಯ ದಿಬ್ಬಗಳ ಸಾಲಿಗೆ ಅಲ್ಲಿ ಲಿಂಕ್ಸ್ ಎಂದು ಹೆಸರು. ನಮ್ಮ ಕರಾವಳಿಯಲ್ಲಿಯೂ ಕಡಲಿಗೂ ತೆಂಗಿನ ತೋಟಕ್ಕೂ ನಡುವೆ ಅಂಥದೊಂದು ಪಟ್ಟಿ ಇರುತ್ತದಲ್ಲ, ಅದೇ. ಅಲ್ಲಿ ಮೊಲಗಳು ಮೇದು ಹುಲ್ಲನ್ನು ಗಿಡ್ಡವಾಗಿಟ್ಟವು; ಚಳಿಗಾಳಿಗೆ ಮೈಯೊಡ್ಡಲಾರದ ಕುರಿಗಳು ದಿಬ್ಬದ ಮರೆಯಲ್ಲಿ ಮಲಗಿ ಮಲಗಿ ಹುಲ್ಲು ಕಿತ್ತು ಮರಳು ಬಿದ್ದ ಕಡೆ ಬಂಕರುಗಳಾದವು ಎಂಬುದು ಪರಂಪರೆಯಿಂದ ಬಂದ ವಿವರಣೆ. ಜನ ಆಡುತ್ತಾ ಆಡುತ್ತಾ ಸುಲಭವಾದ ಹಾದಿ ಯಾವುದು, ಚುರುಕಾದ ಹಾದಿ ಯಾವುದು ಎಂದು ಕಂಡುಕೊಂಡರು. 1457ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಸಂಸತ್ತು, ಬಿಲ್ವಿದ್ಯೆಯ ಅಭ್ಯಾಸ ಕೆಡುತ್ತದೆಂದು ಈ ಆಟವನ್ನು ನಿಷೇಧಿಸಿತ್ತೆಂದರೆ ಅದು ಎಷ್ಟು ಹಳೆಯ ರೂಢಿಯೆಂದು ಊಹಿಸಬಹುದು. 19ನೇ ಶತಮಾನದಲ್ಲಿ ಆ ಮೈದಾನದ ಪಾಲಕನಾಗಿದ್ದ ಟಾಮ್ ಮಾರಿಸ್ ಎಂಬ ಹಿರಿಯ ಕೆಲವು ಗ್ರೀನ್‌ಗಳನ್ನು ತಿದ್ದಿದ, ಹಾದಿಗಳನ್ನು ಅಗಲಿಸಿದ. ಆದರೆ ನೆಲದ ಮೂಲ ಮಾತನ್ನು ಅಳಿಸಲಿಲ್ಲ. ಮುಂದೆ ಬಂದ ಎಲ್ಲ ವಿನ್ಯಾಸಕಾರರೂ ಕಲಿತದ್ದು ಈ ಹೊಯಿಗೆ ದಿಬ್ಬಗಳಿಂದ.

ಹಾಗಾದರೆ ವಿನ್ಯಾಸಕಾರ ಮಾಡುವುದೇನು? ಅವನು ಆಟಗಾರನ ಮುಂದೆ ಒಂದು ಆಯ್ಕೆ ಇಡುತ್ತಾನೆ. ಎಡಗಡೆ ವಿಶಾಲವಾಗಿದೆ, ಹೊಡೆಯುವುದು ಸುಲಭ. ಆದರೆ ಅಲ್ಲಿಂದ ಗ್ರೀನ್ ಕಡೆ ನೋಡಿದರೆ ಬಂಕರು ಅಡ್ಡ ಬರುತ್ತದೆ. ಬಲಗಡೆ ಇಕ್ಕಟ್ಟು, ಒಂದು ಗಜ ತಪ್ಪಿದರೆ ತೊರೆ. ಆದರೆ ಅಲ್ಲಿಂದ ಗ್ರೀನ್‌ನ ಬಾಗಿಲು ತೆರೆದಿರುತ್ತದೆ. ಮೊದಲ ಹೊಡೆತಕ್ಕೆ ಹೆದರಿದವನು ಎರಡನೆಯದಕ್ಕೆ ತೆರಬೇಕು. ಆದ್ದರಿಂದ ತಾವು ಇನ್ನೊಮ್ಮೆ ಹೋದಾಗ ಟೀಯಿಂದ ಬಾವುಟದ ಕಡೆಗೆ ನೋಡಬೇಡಿ. ಸಾಧ್ಯವಾದರೆ ಗ್ರೀನ್‌ನ ಹಿಂದೆ ನಿಂತು, ಬಂದ ಹಾದಿಯನ್ನು ತಿರುಗಿ ನೋಡಿ. ಗ್ರೀನ್ ಯಾವ ಕಡೆಗೆ ವಾಲಿದೆ, ಯಾವ ಕಡೆಯಿಂದ ಬಂದ ಚೆಂಡನ್ನು ಅದು ಒಪ್ಪಿಕೊಳ್ಳುತ್ತದೆ ಎಂಬುದು ತಿಳಿದರೆ, ನೂರಾರು ಗಜ ಹಿಂದೆ ಆ ಒಂದು ಬಂಕರನ್ನು ಅಲ್ಲಿಯೇ ಏಕೆ ಅಗೆದರೆಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಮಟ್ಟದ ಕೋಲು ಹಿಡಿದು ಕಾಲುವೆಯನ್ನು ಕೆಳಗಿನಿಂದ ಮೇಲಕ್ಕೆ ಅಳೆಯುತ್ತ ಬಂದದ್ದರಿಂದಲೇ ಈ ಗುಟ್ಟು ನನಗೆ ಹೊಳೆದದ್ದು. ಆಟಗಾರರ ಜತೆ ನಡೆದಿದ್ದರೆ ಹೊಳೆಯುತ್ತಿತ್ತೋ ಇಲ್ಲವೋ.

ಪ್ರಶ್ನೆ: ಗಾಲ್ಫ್‌ನಲ್ಲಿ ‘ರೆಡಾನ್’ ಎಂಬ ಹೋಲ್ ಪ್ರಸಿದ್ಧವೆಂದು ಕೇಳಿದ್ದೇನೆ. ಕೋಟೆಗಳ ಬಗೆಗಿನ ಪಾಠದಲ್ಲಿಯೂ ಇದೇ ಶಬ್ದ ಬಂದಿತು. ಎರಡಕ್ಕೂ ಸಂಬಂಧವಿದೆಯೇ?
– ಇತಿಹಾಸ ವಿದ್ಯಾರ್ಥಿನಿ, ಬೇಕಲ

ಉತ್ತರ: ಸಂಬಂಧವಿದೆ. ಈ ಪ್ರಶ್ನೆ ಬೇಕಲದಿಂದಲೇ ಬಂದದ್ದು ನನಗೆ ವಿಶೇಷ ಸಂತೋಷ.

ಕೋಟೆಕಟ್ಟುವವರ ಭಾಷೆಯಲ್ಲಿ ರೆಡಾನ್ ಎಂದರೆ ಶತ್ರುವಿನ ಕಡೆಗೆ ಮೂಗು ಚಾಚಿದ, ಎರಡು ಮುಖಗಳ ಕೋನಾಕಾರದ ಕಾವಲು ದಿಬ್ಬ. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲ್ ನಗರದ ಮುಂದೆ ರಷ್ಯನ್ನರು ಕಟ್ಟಿಕೊಂಡಿದ್ದ ಅಂಥದೊಂದು ದಿಬ್ಬವನ್ನು ಬ್ರಿಟಿಷರು 1855ರಲ್ಲಿ ಎರಡು ಬಾರಿ ಏರಿ ಹೋಗಿ, ಎರಡು ಬಾರಿಯೂ ಸೋತು ಹಿಂದಿರುಗಿದರು. ಆ ಯುದ್ಧದಿಂದ ಮರಳಿದ ಸೇನಾಧಿಕಾರಿಯೊಬ್ಬ ಸ್ಕಾಟ್ಲೆಂಡಿನ ನಾರ್ತ್ ಬೆರಿಕ್ ಮೈದಾನದ ಒಂದು ಗ್ರೀನ್ ಕಂಡು, ಇದೂ ಅದೇ ರೆಡಾನ್ ಎಂದನಂತೆ. ಹೆಸರು ಉಳಿಯಿತು. ಈಗ ಅದು ಅಲ್ಲಿನ 15ನೇ ಹೋಲ್.

ಅದರ ಆಕಾರವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಸುಮಾರು 190 ಗಜ ದೂರ. ಒಂದೇ ಹೊಡೆತದಲ್ಲಿ ಗ್ರೀನ್ ತಲುಪಬೇಕು. ಆದರೆ ಗ್ರೀನ್ ನಮಗೆ ನೇರವಾಗಿ ಮುಖಮಾಡಿಲ್ಲ. ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ ಓರೆಯಾಗಿ, ಮಗ್ಗುಲಾಗಿ ಮಲಗಿದ ಎತ್ತಿನಂತೆ ಬಿದ್ದುಕೊಂಡಿದೆ. ಎಡಗಡೆಯ ಪಕ್ಕೆಗೆ ಒತ್ತಿಕೊಂಡು ಆಳವಾದ ಬಂಕರು. ಇದಿಷ್ಟೇ ಆಗಿದ್ದರೆ ಗಟ್ಟಿಗರು ಬಂಕರಿನ ಮೇಲಿಂದಲೇ ಚೆಂಡನ್ನು ಹಾರಿಸಿ ಬಾವುಟದ ಬಳಿ ಇಳಿಸಿಬಿಡುತ್ತಿದ್ದರು. ಗ್ರೀನ್‌ನ ಇಳಿಜಾರು ಮಾತ್ರ ಅದಕ್ಕೆ ಒಪ್ಪುವುದಿಲ್ಲ: ಸಾಮಾನ್ಯವಾಗಿ ಗ್ರೀನ್ ಆಟಗಾರನ ಕಡೆಗೆ ವಾಲಿ ಚೆಂಡನ್ನು ತಡೆಯುತ್ತದೆ, ಇದು ಹಿಂದಕ್ಕೆ, ಆಚೆಗೆ ಜಾರುತ್ತದೆ. ಮೇಲಿಂದ ಬಿದ್ದ ಚೆಂಡು ನಿಲ್ಲದೆ ಹಿಂಬದಿಗೆ ಓಡಿಹೋಗುತ್ತದೆ. ಜಾಣ ಆಟಗಾರ ಬಾವುಟವನ್ನು ಮರೆತು, ಬಲಗಡೆಯ ಉಬ್ಬಿದ ಭುಜಕ್ಕೆ ಗುರಿಯಿಟ್ಟು ತಗ್ಗಾಗಿ ಹೊಡೆಯುತ್ತಾನೆ. ಚೆಂಡು ಅಲ್ಲಿ ನೆಲ ಮುಟ್ಟಿ, ವೇಗ ಕಳೆದುಕೊಂಡು, ಇಳಿಜಾರು ಹಿಡಿದು ಎಡಕ್ಕೆ ತಿರುಗಿ, ಮೆಲ್ಲನೆ ಉರುಳುತ್ತ ಬಾವುಟದ ಕಡೆ ಹೋಗುತ್ತದೆ. ಹೊಡೆದಾದ ಮೇಲೂ ನಾಲ್ಕೈದು ಕ್ಷಣ ನೆಲವೇ ಆಟವಾಡುತ್ತಿರುತ್ತದೆ. ಇಡೀ ವಿನ್ಯಾಸದ ಸೊಗಸು ಆ ನಾಲ್ಕೈದು ಕ್ಷಣಗಳಲ್ಲಿದೆ.

ಬೇಕಲ ಕೋಟೆಯನ್ನು ನೀವು ನೂರು ಬಾರಿ ನೋಡಿರುತ್ತೀರಿ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದೆಂದು ಹೇಳುವ ಆ ಮುರಕಲ್ಲಿನ ಗೋಡೆಯ ಕಿಂಡಿಗಳನ್ನು ಈ ಸಲ ಸ್ವಲ್ಪ ಬಾಗಿ ನೋಡಿ. ಮೇಲಿನ ಕಿಂಡಿಗಳು ದೂರದ ಶತ್ರುವಿಗೆ, ಅದರ ಕೆಳಗಿನವು ಹತ್ತಿರ ಬಂದವನಿಗೆ, ತೀರ ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ. ಪ್ರವೇಶದ ಹಾದಿಯೂ ನೇರವಿಲ್ಲ, ಅಂಕುಡೊಂಕು. ದಾಳಿಗೆ ಬರುವವನ ಪ್ರತಿ ಹೆಜ್ಜೆಯಲ್ಲೂ ಅವನ ಕಣ್ಣಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ಕಟ್ಟಿದವನು ಮೊದಲೇ ಲೆಕ್ಕ ಹಾಕಿದ್ದಾನೆ. ರೆಡಾನ್ ಗ್ರೀನ್‌ನ ಲೆಕ್ಕವೂ ಅದೇ ಜಾತಿಯದು. ವ್ಯತ್ಯಾಸವೆಂದರೆ ಕೋಟೆ ಯಾರನ್ನೂ ಒಳಗೆ ಬಿಡಬಾರದು, ಗ್ರೀನ್ ಮಾತ್ರ ಒಂದು ಮೂಲೆಯಲ್ಲಿ ಬಾಗಿಲನ್ನು ಓರೆಮಾಡಿ ಇಟ್ಟಿರಬೇಕು.

ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಎಂಬ ಅಮೆರಿಕದವನು ಹುಡುಗನಾಗಿದ್ದಾಗ ಸೇಂಟ್ ಆಂಡ್ರೂಸ್‌ನಲ್ಲಿ ಓದಿದವನು. ಹಳೆಯ ನಾಡಿನ ಉತ್ತಮ ಹೋಲ್‌ಗಳ ಒಳಗುಟ್ಟನ್ನು ಅಳೆದು ತಂದು, 20ನೇ ಶತಮಾನದ ಮೊದಲ ದಶಕದ ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನಲ್ಲಿ ನ್ಯಾಷನಲ್ ಗಾಲ್ಫ್ ಲಿಂಕ್ಸ್ ಎಂಬ ಮೈದಾನ ಮಾಡಿದ. ಅದರ ನಾಲ್ಕನೇ ಹೋಲ್ ರೆಡಾನ್. ಮೂಲದಲ್ಲಿ ದಿಬ್ಬವೊಂದು ಗ್ರೀನ್ ಅನ್ನು ಅರೆಮರೆ ಮಾಡುತ್ತದೆ. ಇವನದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೂಲಕ್ಕಿಂತ ನಕಲೇ ಮೇಲು ಎನ್ನುವವರು ಬಹಳ ಮಂದಿ ಇದ್ದಾರೆ. ನನಗೆ ನಕ್ಷೆಯಲ್ಲಿ ನೋಡುವಾಗಲೂ ಮೂಲದ ಆ ಅರೆಮರೆಯೇ ಇಷ್ಟ.

ಪ್ರಶ್ನೆ: ಚೆನ್ನಾಗಿ ಹೊಡೆದ ಚೆಂಡು ಹೋಗಿ ಬೀಳುವ ಜಾಗದಲ್ಲಿ, ಅದೂ ಹಾದಿಯ ನಟ್ಟನಡುವೆ, ಬಂಕರು ತೋಡುವುದು ಅನ್ಯಾಯವಲ್ಲವೇ? ರಸ್ತೆ ಕಟ್ಟುವ ನಾವು ನಡುವೆ ಗುಂಡಿ ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ?
– ಎಂಜಿನಿಯರ್, ಹೊಸೂರು

ಉತ್ತರ: ತಮ್ಮ ಈ ದೂರಿಗೆ ನೂರಿಪ್ಪತ್ತು ವರ್ಷಗಳ ವಯಸ್ಸಾಗಿದೆ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಅವಸರದಿಂದ ಮಾಡಿದ ಮೈದಾನಗಳಲ್ಲಿ ತಪ್ಪಿಗೆ ದಂಡ ಎಂಬುದೊಂದೇ ತತ್ತ್ವ: ಹಾದಿಗೆ ಅಡ್ಡಲಾಗಿ ಒಂದು ಒಡ್ಡು, ದಾಟದವನು ಬಿದ್ದ, ದಾಟಿದವನು ಗೆದ್ದ. ಇದರಲ್ಲಿ ಯೋಚನೆಗೆ ಕೆಲಸವಿಲ್ಲ. ಇದನ್ನು ಪ್ರಶ್ನಿಸಿದವರಲ್ಲಿ ಮೊದಲಿಗ ಜಾನ್ ಲೋ ಎಂಬ ಗಾಲ್ಫ್ ಬರಹಗಾರ. 1903ರಲ್ಲಿ ಬರೆಯುತ್ತ ಅವನು, ಒಳ್ಳೆಯ ಬಂಕರು ದುರ್ಬಲನನ್ನು ಶಿಕ್ಷಿಸುವುದಕ್ಕಲ್ಲ, ಸಮರ್ಥನನ್ನು ಚುಡಾಯಿಸುವುದಕ್ಕೆ ಇರಬೇಕೆಂಬ ಅರ್ಥದಲ್ಲಿ ವಾದಿಸಿದ.

ಉದಾಹರಣೆಗೆ ಓಲ್ಡ್ ಕೋರ್ಸ್‌ನ 16ನೇ ಹೋಲ್. ಫೇರ್‌ವೇ ನಡುವೆ ಪ್ರಿನ್ಸಿಪಾಲರ ಮೂಗು ಎಂಬ ಹೆಸರಿನ ಬಂಕರುಗಳ ಗುಂಪು. ಬಲಗಡೆ, ಹಿಂದೆ ರೈಲು ಓಡುತ್ತಿದ್ದ ಕಡೆ, ಮೈದಾನದ ಗಡಿ. ಆಚೆ ಬಿದ್ದರೆ ದಂಡ. ಎಡಗಡೆ ಬೇಕಾದಷ್ಟು ಬಯಲು. ಮೂಗಿಗೂ ಗಡಿಗೂ ನಡುವಿನ ಇಕ್ಕಟ್ಟಿನಲ್ಲಿ ಚೆಂಡು ನಿಲ್ಲಿಸಿದವನಿಗೆ ಗ್ರೀನ್‌ಗೆ ಒಳ್ಳೆಯ ಕೋನ. ಎಡಕ್ಕೆ ತಪ್ಪಿಸಿಕೊಂಡವನು ಸುರಕ್ಷಿತ, ಆದರೆ ಮುಂದಿನ ಹೊಡೆತ ಕಷ್ಟ. ಬಂಕರು ನಡುವೆ ಇರುವುದರಿಂದಲೇ ಹಾದಿ ಒಂದಿದ್ದದ್ದು ಎರಡಾಯಿತು. ಬದಿಗೆ ಇಟ್ಟಿದ್ದರೆ ಎಲ್ಲರೂ ಕಣ್ಣುಮುಚ್ಚಿ ನಡುವಿಗೆ ಹೊಡೆಯುತ್ತಿದ್ದರು. ರಸ್ತೆಯಲ್ಲಿ ಗುಂಡಿ ಬೇಡ, ನಿಜ. ಆದರೆ ನಾಲ್ಕು ದಾರಿ ಸೇರುವಲ್ಲಿ ತಾವೇ ವೃತ್ತವೊಂದನ್ನು ಕಟ್ಟುತ್ತೀರಲ್ಲವೇ?

ಅನ್ಯಾಯವೆಂಬ ಕೂಗು ದೊಡ್ಡವರಿಂದಲೂ ಬಂದಿದೆ. ಅಮೆರಿಕದ ಬಾಬಿ ಜೋನ್ಸ್ 1921ರಲ್ಲಿ ಮೊದಲ ಬಾರಿ ಓಲ್ಡ್ ಕೋರ್ಸ್‌ನಲ್ಲಿ ಓಪನ್ ಎಂಬ ಬ್ರಿಟನ್ನಿನ ಪ್ರಮುಖ ಸ್ಪರ್ಧೆ ಆಡುವಾಗ 11ನೇ ಹೋಲ್‌ನ ಬಂಕರಿನಲ್ಲಿ ಸಿಕ್ಕಿ, ತಾಳ್ಮೆಗೆಟ್ಟು ಸ್ಪರ್ಧೆಯನ್ನೇ ಬಿಟ್ಟುಬಿಟ್ಟ. ಆರು ವರ್ಷ ಕಳೆದು ಅಲ್ಲಿಯೇ ಗೆದ್ದ. 1958ರಲ್ಲಿ ಆ ಊರು ಅವನಿಗೆ ಗೌರವ ಪೌರತ್ವ ಕೊಟ್ಟಿತು. ಅದಕ್ಕಿಂತ ಮುಖ್ಯವಾದದ್ದು, ಅವನು ಅಮೆರಿಕದ ಆಗಸ್ಟಾ ಎಂಬಲ್ಲಿ ಸ್ವಂತ ಮೈದಾನ ಮಾಡಲು ಹೊರಟಾಗ ಜತೆಗೆ ಕರೆದುಕೊಂಡದ್ದು ಓಲ್ಡ್ ಕೋರ್ಸ್‌ನ ಇಂಚಿಂಚು ಅಳೆದು ನಕ್ಷೆ ಬರೆದಿದ್ದ ಅಲಿಸ್ಟರ್ ಮೆಕೆಂಜಿಯನ್ನು. ಮೆಕೆಂಜಿ ವೃತ್ತಿಯಿಂದ ವೈದ್ಯ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಹೋಗಿದ್ದಾಗ, ಬೋಯರರು ತಮ್ಮ ಕಂದಕಗಳನ್ನು ನೆಲದ ಸಹಜ ಏರಿಳಿತದಲ್ಲಿ ಕರಗಿಸಿಬಿಡುತ್ತಿದ್ದುದನ್ನು ಗಮನಿಸಿ, ಆ ಮರೆಮಾಚುವ ವಿದ್ಯೆಯನ್ನೇ ಬಂಕರುಗಳಿಗೆ ತಂದ. ಮನುಷ್ಯ ಅಗೆದದ್ದೆಂದು ತಿಳಿಯದಂತೆ ಅಗೆಯಬೇಕೆಂಬುದು ಅವನ ಹಟ. 1933ರಲ್ಲಿ ಆಗಸ್ಟಾ ವಿಧ್ಯುಕ್ತವಾಗಿ ತೆರೆದಾಗ ಇಡೀ ಮೈದಾನಕ್ಕೆ ಇದ್ದ ಬಂಕರುಗಳು ಬರೀ ಇಪ್ಪತ್ತೆರಡು ಮಾತ್ರ; ಓಲ್ಡ್ ಕೋರ್ಸ್‌ನಲ್ಲಿರುವುದು ನೂರಕ್ಕೂ ಹೆಚ್ಚು. ಸಂಖ್ಯೆ ಮುಖ್ಯವಲ್ಲ, ಜಾಗ ಮುಖ್ಯ ಎಂಬುದಕ್ಕೆ ಇವೆರಡೇ ಸಾಕು.

ಆದರೂ ತಮ್ಮ ಸಮಾಧಾನಕ್ಕೆ ಒಂದು ನಿಜವಾದ ಕ್ರೌರ್ಯವನ್ನು ಹೇಳುತ್ತೇನೆ. ಓಲ್ಡ್ ಕೋರ್ಸ್‌ನ 17ನೇ ಹೋಲ್‌ನ ಗ್ರೀನ್ ಪಕ್ಕೆಗೆ ಒಂದು ಪುಟ್ಟ ಬಂಕರಿದೆ. ಒಳಗೆ ನಿಂತರೆ ಮುಂದಿನ ಗೋಡೆ ಎದೆಮಟ್ಟಕ್ಕೆ. ಸುತ್ತಲಿನ ನೆಲವೆಲ್ಲ ಅದರ ಕಡೆಗೇ ಇಳಿಯುವುದರಿಂದ ಅದರ ಬಾಯಿ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು. 1978ರ ಓಪನ್‌ನಲ್ಲಿ ಜಪಾನಿನ ನಕಾಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ಮುಟ್ಟಿದ್ದ. ಅಲ್ಲಿಂದ ಕುಳಿಯ ಕಡೆ ಮೆಲ್ಲನೆ ತಳ್ಳಿದ ಚೆಂಡು ಇಳಿಜಾರಿಗೆ ಸಿಕ್ಕಿ ಆ ಬಂಕರಿಗೆ ಬಿತ್ತು. ಹೋಲ್ ಮುಗಿಸುವಾಗ ಒಂಬತ್ತು ಹೊಡೆತಗಳಾಗಿದ್ದವು.

ಪ್ರಶ್ನೆ: ಹದಿನೆಂಟೇ ಹೋಲ್ ಏಕೆ? ಶಾಸ್ತ್ರವೇನಾದರೂ ಇದೆಯೇ?
– ಗೃಹಿಣಿ, ಅಕ್ಕಲಕೋಟೆ

ಉತ್ತರ: ಶಾಸ್ತ್ರವಿಲ್ಲ, ರೂಢಿ. ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. 1764ರಲ್ಲಿ ಮೊದಲ ನಾಲ್ಕು ತೀರ ಚಿಕ್ಕವೆಂದು ಎರಡಾಗಿ ಕೂಡಿಸಿದರು. ಹೋಗುವಾಗಲೂ ಬರುವಾಗಲೂ ಅವೇ ಆದ್ದರಿಂದ ಒಟ್ಟು ನಾಲ್ಕು ಕಡಿಮೆಯಾಗಿ 18 ಉಳಿಯಿತು, ಉಳಿದ ಊರುಗಳು ಅದನ್ನೇ ಹಿಡಿದವು. 1860ರಲ್ಲಿ ಮೊದಲ ಓಪನ್ ನಡೆದ ಪ್ರೆಸ್ಟ್‌ವಿಕ್‌ನಲ್ಲಿ ಆಗ ಇದ್ದದ್ದು 12. ತಮಗೆ ರಂಗೋಲಿಯ ಚುಕ್ಕಿಲೆಕ್ಕದ ಅಭ್ಯಾಸವಿದ್ದರೆ ಇದು ಇಷ್ಟವಾಗಬಹುದು: ಓಲ್ಡ್ ಕೋರ್ಸ್‌ನಲ್ಲಿ ಹೋಗುವ ಹೋಲ್‌ಗೂ ಬರುವ ಹೋಲ್‌ಗೂ ಸೇರಿ ಏಳು ಜೋಡಿ ಗ್ರೀನ್‌ಗಳಿವೆ. 2ಕ್ಕೆ 16, 3ಕ್ಕೆ 15, ಹೀಗೆ 8ಕ್ಕೆ 10. ಯಾವ ಜೋಡಿಯನ್ನು ಕೂಡಿದರೂ 18.

ಪ್ರಶ್ನೆ: ಇಷ್ಟು ಹುಲ್ಲಿಗೆ ಎಷ್ಟು ನೀರು, ಎಷ್ಟು ಗೊಬ್ಬರ ಬೇಕು? ನಮ್ಮಲ್ಲಿ ಅರಿಸಿನಕ್ಕೇ ನೀರು ಸಾಲುವುದಿಲ್ಲ. ಅದು ಯಾವ ಹುಲ್ಲು?
– ಕೃಷಿಕರು, ತಾಳವಾಡಿ

ಉತ್ತರ: ಹುಲ್ಲಿನ ಹೆಸರು ಕೇಳಿದರೆ ತಾವು ನಗುತ್ತೀರಿ. ಬೆಚ್ಚನೆಯ ನಾಡುಗಳ ಮೈದಾನಗಳಲ್ಲಿ ಬರ್ಮುಡಾ ಎಂಬ ದೊಡ್ಡ ಹೆಸರಿನಿಂದ ಕರೆಯುವುದು ನಮ್ಮ ಗರಿಕೆಯನ್ನೇ. ತಾವು ಹೊಲದಿಂದ ಕಿತ್ತು ಕಿತ್ತು ಬೇಸತ್ತ, ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸುವ ಅದೇ ಗರಿಕೆ. ಅದರ ನಯವಾದ ತಳಿಗಳನ್ನು ಆರಿಸಿ ಬೆಳೆಸಿದ್ದಾರೆ. ತುಳಿದಷ್ಟೂ ಹಬ್ಬುತ್ತದೆ, ಬಿಸಿಲಿಗೆ ಒಣಗಿದರೂ ಬುಡ ಸಾಯುವುದಿಲ್ಲ ಎಂಬುದು ತಮಗೆ ನಾನು ಹೇಳಬೇಕಾಗಿಲ್ಲ. ಸ್ಕಾಟ್ಲೆಂಡಿನ ಲಿಂಕ್ಸ್‌ಗಳಲ್ಲಿ ತಣ್ಣನೆಯ ಹವೆಗೆ ಒಗ್ಗುವ, ಬಡ ಮಣ್ಣಿನಲ್ಲೂ ಬೆಳೆಯುವ ಫೆಸ್ಕ್ಯೂ ಎಂಬ ಸಪೂರ ಎಲೆಯ ಹುಲ್ಲು.

ನೀರಿನ ವಿಷಯದಲ್ಲಿ ತಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಹೊಸ ಮೈದಾನಗಳ ಮೇಲೆ ಹೆಚ್ಚು ಸಲ್ಲಬೇಕು. ಹಳೆಯ ಲಿಂಕ್ಸ್ ಬೇಸಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ, ಅದನ್ನು ಯಾರೂ ರೋಗವೆಂದು ತಿಳಿಯುವುದಿಲ್ಲ. ನೆಲ ಗಟ್ಟಿಯಾದಷ್ಟೂ ಚೆಂಡು ಉರುಳುತ್ತದೆ, ಚೆಂಡು ಉರುಳಿದಷ್ಟೂ ಇಳಿಜಾರುಗಳಿಗೆ ಅರ್ಥ ಬರುತ್ತದೆ. ಮೇಲೆ ಹೇಳಿದ ರೆಡಾನ್‌ಗೆ ಬೆಳಗ್ಗೆ ಸಂಜೆ ನೀರು ಹೊಡೆದು ಮೆತ್ತಗೆ ಮಾಡಿದರೆ, ಚೆಂಡು ಬಿದ್ದಲ್ಲೇ ಕುಳಿತುಬಿಡುತ್ತದೆ. ಕೋಟೆ ಕೆಸರಾಗುತ್ತದೆ ಅಷ್ಟೇ. ದೂರದರ್ಶನ ಬಣ್ಣಕ್ಕೆ ಬಂದ ಮೇಲೆ ಆಗಸ್ಟಾದ ಪಚ್ಚೆ ನೋಡಿ ಎಲ್ಲರಿಗೂ ಹಸಿರಿನ ಆಸೆ ಹತ್ತಿತು ಎಂದು ನನ್ನ ಅನಿಸಿಕೆ.

ಹಿಂದಕ್ಕೆ ಹೆಜ್ಜೆಯಿಟ್ಟವರೂ ಇದ್ದಾರೆ. ಸ್ಕಾಟ್ಲೆಂಡಿನ ಡಾರ್ನೊಕ್ ಊರಿನಿಂದ ಅಮೆರಿಕಕ್ಕೆ ಹೋದ ಡೊನಾಲ್ಡ್ ರಾಸ್ 1907ರಲ್ಲಿ ಮಾಡಿ, 1948ರಲ್ಲಿ ಸಾಯುವವರೆಗೂ ತಿದ್ದುತ್ತಲೇ ಇದ್ದ ಮೈದಾನ ಪೈನ್‌ಹರ್ಸ್ಟ್‌ನ ಹಲವು ಮೈದಾನಗಳಲ್ಲಿ ಎರಡನೇ ಸಂಖ್ಯೆಯದು. ಅದರ ಗ್ರೀನ್‌ಗಳು ಬೋರಲು ಹಾಕಿದ ಬೋಗುಣಿಯಂತೆ. ಸ್ವಲ್ಪ ತಪ್ಪಿದ ಚೆಂಡು ಯಾವ ಕಡೆಗಾದರೂ ಜಾರೀತು. ಮೂಲದಲ್ಲಿ ಹಾದಿಯ ಆಚೀಚೆ ಬರೀ ಮರಳು ಮತ್ತು ಕುರುಚಲು ಹುಲ್ಲು ಇದ್ದವು. ಕಾಲಕ್ರಮದಲ್ಲಿ ಎಲ್ಲವನ್ನೂ ಹಸಿರು ಹಾಸಿ ಮುಚ್ಚಿದರು. 2010ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಎಂಬ ವಿನ್ಯಾಸಕಾರರ ಜೋಡಿ ಕೆಲಸ ಹಿಡಿದು, ಸುಮಾರು 35 ಎಕರೆ ಹುಲ್ಲುಹಾಸನ್ನು ಕಿತ್ತುಹಾಕಿ ಮರಳನ್ನು ಮರಳಿ ತಂದರು. ನೀರು ಚಿಮ್ಮುವ ನಳಿಗೆಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ತೆಗೆದರು. 2014ರಲ್ಲಿ ಅಮೆರಿಕದ ಓಪನ್ ಪುರುಷರಿಗೂ ಮಹಿಳೆಯರಿಗೂ ಒಂದರ ಹಿಂದೆ ಒಂದು ವಾರ ಅಲ್ಲಿಯೇ ನಡೆಯಿತು. ಅರಿಸಿನಕ್ಕೆ ಇದರಿಂದ ಉಪಕಾರವಾಗದು, ಒಪ್ಪುತ್ತೇನೆ.

ಪ್ರಶ್ನೆ: ನಮ್ಮಂಥ ಬರದ ಸೀಮೆಯಲ್ಲಿ ಹುಲ್ಲಿಲ್ಲದೆ ಗಾಲ್ಫ್ ಸಾಧ್ಯವೇ?
– ವ್ಯಾಪಾರಿ, ರಾಯದುರ್ಗ

ಉತ್ತರ: ಸಾಧ್ಯ. ನಮ್ಮ ದೇಶದ ಒಣ ಪ್ರದೇಶಗಳಲ್ಲಿ ಎಣ್ಣೆ ಬೆರೆಸಿದ ಮರಳನ್ನು ಹರಡಿ, ತಟ್ಟಿ ಸಮಮಾಡಿ, ಅದರ ಮೇಲೆ ಆಡುವ ಪದ್ಧತಿ ಇತ್ತು. ಗ್ರೀನ್ ಬದಲು ಅವನ್ನು ಬ್ರೌನ್ ಎನ್ನುತ್ತಿದ್ದರು. ಪೈನ್‌ಹರ್ಸ್ಟ್‌ನ ಗ್ರೀನ್‌ಗಳೂ 1930ರ ದಶಕದ ನಡುವಿನವರೆಗೆ ಮರಳಿನವೇ ಆಗಿದ್ದವು.

ಪ್ರಶ್ನೆ: ನನ್ನ ಮಗ ದುಬೈಯಲ್ಲಿ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಅವನು ಗಾಲ್ಫ್ ಎಂದಾಗ ಗಲ್ಫ್ ಎಂದೇ ಒಂದು ವರ್ಷ ತಿಳಿದಿದ್ದೆ. ಅಲ್ಲಿ ಗುಡ್ಡೆ, ಕೆರೆ ಎಲ್ಲವನ್ನೂ ಯಂತ್ರದಿಂದ ಮಾಡಿದ್ದಾರಂತೆ. ಹಾಗಿದ್ದರೆ ಹಳೆಯದನ್ನು ಹೊಗಳುವುದು ಏಕೆ?
– ತಂದೆಯೊಬ್ಬರು, ಉಪ್ಪಳ

ಉತ್ತರ: ತಮ್ಮ ಮಗನ ಕೆಲಸ ಸಣ್ಣದಲ್ಲ. ಆ ಸೀಮೆಯ ಮೊದಲ ಹುಲ್ಲಿನ ಗಾಲ್ಫ್ ಮೈದಾನ 1988ರಲ್ಲಿ ದುಬೈಯಲ್ಲಿ, ಮರಳುಗಾಡಿನ ನಡುವೆ ತೆರೆಯಿತು. ಅಲ್ಲಿ ಒಂದು ದಿನ ನೀರು ಹಾಯಿಸುವುದು ನಿಂತರೆ ಏನಾಗುತ್ತದೆಂದು ಅವನಿಗೆ ಗೊತ್ತಿರುತ್ತದೆ. ಗಲ್ಫ್ ಮತ್ತು ಗಾಲ್ಫ್ ಗೊಂದಲ ನಮ್ಮೂರಿನಲ್ಲಿ ಯಾರಿಗೆ ಆಗಿಲ್ಲ ಹೇಳಿ.

ಯಂತ್ರದಿಂದ ಮಾಡಿದ್ದೆಲ್ಲ ಕೆಟ್ಟದ್ದು ಎಂಬುದು ನನ್ನ ಮಾತಲ್ಲ. ಹಳೆಯವರ ಕೈಯಲ್ಲಿದ್ದದ್ದು ಕುದುರೆ ಎಳೆಯುವ ಮಣ್ಣುಬಾಚಿ ಮತ್ತು ಕೂಲಿಯಾಳು. ಗುಡ್ಡೆಯನ್ನು ಸರಿಸಲಾಗದವನು ಗುಡ್ಡೆಯ ಜತೆ ರಾಜಿಯಾಗಲೇಬೇಕು. ಆ ರಾಜಿಯಲ್ಲಿ ಬುದ್ಧಿ ಖರ್ಚಾಗುತ್ತಿತ್ತು. ನನ್ನ ಮೆಚ್ಚಿನ ಉದಾಹರಣೆ ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್. ವಕೀಲಿಯಿಂದ ವಿನ್ಯಾಸಕ್ಕೆ ಬಂದ ಹ್ಯಾರಿ ಕೋಲ್ಟ್ 1920ರ ದಶಕದಲ್ಲಿ ಅದನ್ನು ತಿದ್ದಿದ ಮೇಲೆ, ಮೊದಲ ಒಂಬತ್ತು ಹೋಲ್‌ಗಳು ಹೊರ ಅಂಚಿನಲ್ಲಿ ಪ್ರದಕ್ಷಿಣೆಯಾಗಿ ಸುತ್ತುತ್ತವೆ, ಉಳಿದ ಒಂಬತ್ತು ಅದರ ಒಳಗೆ ಅಪ್ರದಕ್ಷಿಣೆಯಾಗಿ. ಗುಡ್ಡ ಅಗೆದಿಲ್ಲ, ಕೆರೆ ತೋಡಿಲ್ಲ; ಆದರೆ ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತಿದ್ದರೂ ಆಟಗಾರನಿಗೆ ಒಮ್ಮೆ ಎದುರು, ಒಮ್ಮೆ ಬೆನ್ನಿಗೆ, ಒಮ್ಮೆ ಮಗ್ಗುಲಿಗೆ. ಸತತ ಮೂರು ಹೋಲ್ ಒಂದೇ ಗಾಳಿಯಲ್ಲಿ ಆಡುವ ಸೌಕರ್ಯ ಬಹುತೇಕ ಇಲ್ಲ. ಕಡಲಿಗೆ ಹೋಗುವ ನಮ್ಮ ಮೊಗವೀರರಿಗೆ ಇದನ್ನು ಎರಡು ಮಾತಿನಲ್ಲಿ ವಿವರಿಸಬಹುದು.

ಹಳೆಯದನ್ನು ಕೆಡಿಸಿದ್ದೂ ಯಂತ್ರವಲ್ಲ, ಹಲವು ಕಡೆ ಅದು ಸದುದ್ದೇಶ. ನಾನು ಕೆಲಸ ಮಾಡಿದ ಗುಡ್ಡಗಾಡಿನ ಒಂದು ಮೈದಾನದಲ್ಲಿ, ಸಮಿತಿಯವರು ಅಂದಕ್ಕೆಂದು ಎರಡು ಫೇರ್‌ವೇಗಳ ನಡುವೆ ಸಾಲಾಗಿ ಸೈಪ್ರೆಸ್ ಗಿಡ ನೆಡಿಸಿದ್ದರು. ಹತ್ತೇ ವರ್ಷದಲ್ಲಿ ಸಾಲು ಗೋಡೆಯಾಯಿತು. ಹಿಂದೆ ಅಗಲವಾದ ಬಯಲಿನಲ್ಲಿ ಎಡ ಬಲ ಎಂದು ಆಯ್ಕೆಯಿದ್ದ ಕಡೆ ಈಗ ಒಂದೇ ಓಣಿ. ನೆರಳಿಗೆ ಗ್ರೀನ್‌ನ ಹುಲ್ಲು ಪಾಚಿಗಟ್ಟಿತು, ಬೇರುಗಳು ನಾನು ಮಟ್ಟ ತೆಗೆದ ಕಾಲುವೆಗೂ ನುಗ್ಗಿದವು. ನೀಲಗಿರಿಯ ಮೂಲ ಸ್ವರೂಪವೇ ಶೋಲೆ ಕಾಡು ಕಣಿವೆಯಲ್ಲಿ, ಹುಲ್ಲು ಗುಡ್ಡದ ನೆತ್ತಿಯಲ್ಲಿ. ಅದರ ಮೇಲೆ ನೀಲಗಿರಿ ಮರವನ್ನೂ ಸೀಗೆಜಾತಿಯ ವ್ಯಾಟಲ್ ಗಿಡವನ್ನೂ ನೆಟ್ಟು ಬಯಲನ್ನು ಮುಚ್ಚಿದ ಕಥೆ ದೊಡ್ಡದು. ಈ ಸೈಪ್ರೆಸ್ ಸಾಲು ಅದರ ಒಂದು ಪುಟ. ಅಮೆರಿಕದ ಓಕ್‌ಮಾಂಟ್ ಮೈದಾನದಲ್ಲಿ ಹೀಗೆಯೇ ನೆಟ್ಟ ಮರಗಳನ್ನು 1990ರ ದಶಕದಿಂದೀಚೆಗೆ ಸಾವಿರಗಟ್ಟಲೆ ಕಡಿದು, 1903ರಲ್ಲಿ ಅದು ಇದ್ದ ಬತ್ತಲೆ ಬಯಲನ್ನು ಮರಳಿ ಪಡೆದರು. ಮರ ಕಡಿದದ್ದನ್ನು ಮೆಚ್ಚಿ ಬರೆಯುವುದು ನನಗೂ ಇರಿಸುಮುರಿಸು. ಆದರೂ ಬರೆಯಬೇಕಾಗಿದೆ.

ಪ್ರಶ್ನೆ: ಬೇಲಿಯಾಚೆಯಿಂದಲ್ಲ, ಒಳಗೇ ಹೋಗಿ ನೋಡೋಣವೆಂದರೆ ಕಾವಲುಗಾರ ಬಿಡಬೇಕಲ್ಲ? (ಕುಂಬಳೆಯ ಮುಖ್ಯೋಪಾಧ್ಯಾಯರ ಪತ್ರದ ಎರಡನೇ ಪ್ರಶ್ನೆ)

ಉತ್ತರ: ನಮ್ಮ ಕ್ಲಬ್ಬುಗಳ ಕಾರ್ಯದರ್ಶಿಗೆ ಮುಂಚಿತವಾಗಿ ಪತ್ರ ಬರೆದು, ಆಟವಿಲ್ಲದ ಹೊತ್ತಿನಲ್ಲಿ ನಡೆದು ನೋಡಲು ಅನುಮತಿ ಕೇಳಿ, ನಿವೃತ್ತ ಮಾಸ್ತರರ ಅಕ್ಷರಕ್ಕೆ ಈಗಲೂ ಬೆಲೆಯಿದೆ. ಮೆತ್ತನೆಯ ಅಡಿಯ ಚಪ್ಪಲಿ ಹಾಕಿಕೊಳ್ಳಿ, ಗ್ರೀನ್ ಮೇಲೆ ಕಾಲಿಡಬೇಡಿ, ಬಿಸಿಲು ಓರೆಯಾಗಿರುವ ಬೆಳಗ್ಗೆ ಅಥವಾ ಸಂಜೆ ಹೋಗಿ. ನಡುಹಗಲಲ್ಲಿ ಏರಿಳಿತಗಳು ಕಣ್ಣಿಗೆ ಕಾಣುವುದಿಲ್ಲ; ನೆರಳು ಬಿದ್ದಾಗಲೇ ನೆಲದ ಮಡಿಕೆಗಳು ಎದ್ದು ತೋರುವುದು.

ಓಲ್ಡ್ ಕೋರ್ಸ್‌ನಲ್ಲಿ ಈ ತಾಪತ್ರಯವಿಲ್ಲ. ಅದು ಊರಿನ ಸಾರ್ವಜನಿಕ ನೆಲ; ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜೆ. ಆ ದಿನ ಊರಿನವರು ನಾಯಿ, ಮಕ್ಕಳು, ಬುತ್ತಿಯೊಂದಿಗೆ ಅದೇ ಫೇರ್‌ವೇಗಳ ಮೇಲೆ ತಿರುಗಾಡುತ್ತಾರೆ. ಪಕ್ಕದಲ್ಲೇ ಹಿಮಾಲಯ ಎಂಬ ಅಡ್ಡಹೆಸರಿನ, ಉಬ್ಬುತಗ್ಗುಗಳೇ ತುಂಬಿದ ಒಂದು ಹುಲ್ಲಿನ ಅಂಗಳವಿದೆ. 1867ರಲ್ಲಿ ಹೆಂಗಸರಿಗಾಗಿ ಆರಂಭವಾದ ಕ್ಲಬ್ಬಿನದು ಅದು. ಸಣ್ಣ ಮೊತ್ತ ಕೊಟ್ಟರೆ ಯಾರು ಬೇಕಾದರೂ ಒಂದು ಕೋಲು, ಒಂದು ಚೆಂಡು ಪಡೆದು ಕುಳಿಗೆ ಉರುಳಿಸಬಹುದು. ತಮ್ಮ ಮೊಮ್ಮಕ್ಕಳೂ.